ಹೊರಗಿನವರು ಯಾರು? ಕೊಳ್ಳೇಗಾಲ ಸೀಮೆಯ ಚರಿತ್ರೆಯಿಂದ ಕೆಲವು ಪುಟಗಳು

ಕೊಳ್ಳೇಗಾಲದಿಂದ ಯಳಂದೂರಿಗೆ ಹದಿನೈದು ಕಿಲೋಮೀಟರಿನ ಆಸುಪಾಸಿನ ದಾರಿ. ನಡುವೆ ಘಟ್ಟವಿಲ್ಲ, ಕಾಡಿಲ್ಲ. ಗದ್ದೆಬಯಲು, ತೆಂಗಿನ ಸಾಲು, ಹಿಪ್ಪುನೇರಳೆ ತೋಟ. ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟವನು ಝುಹರ್ ನಮಾಝಿಗೆ ಮುನ್ನವೇ ತಲುಪಿಬಿಡುತ್ತಿದ್ದನು. ಎರಡೂ ಊರಿನ ಮಾತು ಒಂದೇ, ಬೆಳೆ ಒಂದೇ, ಬೀಗತನಗಳೂ ಹೆಣೆದುಕೊಂಡಂಥವು. ಆದರೂ 1799ರಿಂದ 1956ರ ತನಕ, ಅಂದರೆ 157 ವರ್ಷಗಳ ಕಾಲ, ಈ ಎರಡು ಊರುಗಳು ಎರಡು ಬೇರೆ ಸರಕಾರಗಳ ಕೆಳಗಿದ್ದವು. ಯಳಂದೂರಿನವನು ಮೈಸೂರು ಸಂಸ್ಥಾನದ ಪ್ರಜೆ. ಕೊಳ್ಳೇಗಾಲದವನು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವನು.

ಇದು ಹೇಗಾಯಿತೆಂಬುದನ್ನು ನಮ್ಮ ಮನೆಗಳ ಮಕ್ಕಳು ತಿಳಿದಿರಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಅವರ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಒಂದು ಭಾಗ ಒಡೆಯರ ಮನೆತನಕ್ಕೆ ಮರಳಿತು, ಒಂದು ಭಾಗ ನಿಜಾಮರಿಗೆ ಹೋಯಿತು, ಇನ್ನೊಂದನ್ನು ಈಸ್ಟ್ ಇಂಡಿಯಾ ಕಂಪೆನಿ ತಾನೇ ಇಟ್ಟುಕೊಂಡಿತು. ಕೊಳ್ಳೇಗಾಲ ಕಂಪೆನಿಯ ಪಾಲಿಗೆ ಬಂದು ಕೊಯಮತ್ತೂರಿಗೆ ಸೇರಿತು. ಯಳಂದೂರು ಮೈಸೂರಿನೊಳಗೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೈದರ್ ಅಲಿ ಮತ್ತು ಟಿಪ್ಪು ಇಬ್ಬರ ಬಳಿಯೂ ಉನ್ನತ ಹುದ್ದೆಯಲ್ಲಿದ್ದು, ಬಳಿಕ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದ ಪೂರ್ಣಯ್ಯನವರ ಬದುಕೇ ಒಂದು ಪ್ರತ್ಯೇಕ ಲೇಖನಕ್ಕೆ ಆಗುವಷ್ಟಿದೆ. ಅದನ್ನು ಇಲ್ಲಿ ಬಿಡೋಣ. ನಮಗೆ ಬೇಕಾದುದು ಇಷ್ಟು: ಕೊಳ್ಳೇಗಾಲದ ರೈತನು, ನೇಯ್ಗೆಯವನು, ಮಸೀದಿಯ ಮುಅದ್ದಿನನು ತಾನು ಕುಳಿತಲ್ಲಿಂದ ಒಂದು ಹೆಜ್ಜೆಯನ್ನೂ ಕದಲಿಸಲಿಲ್ಲ. ಆದರೆ ಒಂದೇ ವರ್ಷದಲ್ಲಿ ಅವನು ಬೇರೊಂದು ನಾಡಿನವನಾದನು.

ಭೂಗೋಳವನ್ನು ಬಲ್ಲವರಿಗೆ ಈ ವಿಂಗಡಣೆಯ ವಿಚಿತ್ರ ಇನ್ನೂ ಚೆನ್ನಾಗಿ ತಿಳಿದೀತು. ಕೊಳ್ಳೇಗಾಲ ಇರುವುದು ಘಟ್ಟದ ಮೇಲೆ, ಮೈಸೂರು ಪ್ರಸ್ಥಭೂಮಿಯಲ್ಲಿ. ಕೊಯಮತ್ತೂರು ಘಟ್ಟದ ಕೆಳಗೆ. ತಾಲ್ಲೂಕಿನ ಮನುಷ್ಯ ತನ್ನ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಆನೆ ಓಡಾಡುವ ಕಾಡನ್ನು ದಾಟಿ ಘಟ್ಟ ಇಳಿಯಬೇಕು. ಆದರೆ ಅರುವತ್ತು ಕಿಲೋಮೀಟರಿನಷ್ಟು ದೂರದ, ಬಯಲು ದಾರಿಯ ಮೈಸೂರು ಪರಸಂಸ್ಥಾನ. ಮನೆಯಲ್ಲಿ ಆಡುವುದು ಕನ್ನಡ, ಮೇಲಿನ ಕಚೇರಿಯ ಸುತ್ತ ಕೇಳಿಬರುವುದು ತಮಿಳು, ಅದಕ್ಕೂ ಮೇಲಿನ ಕಾಗದಪತ್ರ ಇಂಗ್ಲಿಷ್. ಕೊಯಮತ್ತೂರಿನವರಿಗೆ ಇವರು ಘಟ್ಟದ ಮೇಲಿನ ಕನ್ನಡದವರು; ಮೈಸೂರಿನವರಿಗೆ ಮದರಾಸು ಸೀಮೆಯವರು.

ಈ ಇಕ್ಕಟ್ಟಿನಲ್ಲಿ ಮುಸ್ಲಿಮನಿಗೆ ಇನ್ನೂ ಒಂದು ಸುತ್ತು ಹೆಚ್ಚು. ಮನೆಯೊಳಗೆ ದಖನಿ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ನಮಾಝಿನಲ್ಲಿ ಅರಬಿ. ಅವನ ದಖನಿಯನ್ನು ಕೇಳಿ ಲಕ್ನೋದವರು ನಕ್ಕಾರು, ಅವನ ಕನ್ನಡವನ್ನು ಕೇಳಿ ಮೈಸೂರಿನವರು ನಕ್ಕಾರು. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದ ಮಗುವನ್ನು ಯಾರಾದರೂ ‘ನೀವು ಎಲ್ಲಿಂದ ಬಂದವರು?’ ಎಂದು ಕೇಳಿದರೆ ಅದು ಏನೆಂದು ಉತ್ತರಿಸಬೇಕು?

ಆ ಪ್ರಶ್ನೆ ಹಳೆಯದು, ಆದರೆ ಹಳತಾಗಿ ಹೋಗಿಲ್ಲ. ಇಂದಿಗೂ ನಮ್ಮ ಹುಡುಗರು ಶಾಲೆಯ ಅಂಗಳದಲ್ಲಿ, ಬಾಡಿಗೆ ಮನೆ ಹುಡುಕುವಾಗ, ಕೆಲಸ ಕೇಳಲು ಹೋದಾಗ ಅದನ್ನು ಕೇಳಿಸಿಕೊಳ್ಳುತ್ತಾರೆ. ಕೆಲವೊಮ್ಮೆ ಮಾತಿನಲ್ಲಿ, ಹಲವು ಸಲ ನೋಟದಲ್ಲಿ. ಮನೆಗೆ ಬಂದು ತಾಯಿಯ ಮುಂದೆ ಅದನ್ನು ಹೇಳಿಕೊಳ್ಳದೆ ನುಂಗಿಬಿಡುವ ಮಕ್ಕಳೇ ಹೆಚ್ಚು. ಆದ್ದರಿಂದಲೇ ಈ ಸೀಮೆಯ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂದು ನಮಗೆ ಅನಿಸಿತು.

ಸಾಮಾನ್ಯವಾಗಿ ನಾವು ಎರಡು ಬಗೆಯಾಗಿ ಉತ್ತರ ಕೊಡುತ್ತೇವೆ. ಒಂದು, ಪಟ್ಟಿ ಓದುವುದು. ನಮ್ಮ ಹಿರಿಯರು ಇಷ್ಟು ತಲೆಮಾರಿನಿಂದ ಇಲ್ಲಿದ್ದಾರೆ, ಇಂಥಿಂಥವರು ನಾಡಿಗಾಗಿ ಪ್ರಾಣ ಕೊಟ್ಟರು, ಇಂಥ ಕೈಗಾರಿಕೆ ನಮ್ಮಿಂದ ಬಂತು ಎಂದು. ಇನ್ನೊಂದು, ಬಾಗಿಲು ಮುಚ್ಚಿಕೊಳ್ಳುವುದು. ನಮ್ಮ ಮೊಹಲ್ಲಾ ನಮಗೆ, ನಿಮ್ಮ ಬೀದಿ ನಿಮಗೆ ಎಂದು. ಮೊದಲನೆಯದರಲ್ಲಿ ಸತ್ಯವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿ ಹಿಡಿದು ನಿಂತವನು ಕೇಳುವವನನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದಂತಾಗುತ್ತದೆ. ಪಟ್ಟಿ ಎಷ್ಟು ಉದ್ದವಾದರೂ ಅವನು ಇನ್ನೊಂದು ಸಾಕ್ಷಿ ಕೇಳಬಲ್ಲನು.

ಪಟ್ಟಿಯ ಒಂದು ಹೆಸರನ್ನೇ ತೆಗೆದುಕೊಳ್ಳೋಣ. ಇಂದಿನ ಹನೂರು ತಾಲ್ಲೂಕಿನ ಮೀಣ್ಯಂ ಬಳಿ 1992ರ ಆಗಸ್ಟ್ 14ರಂದು ವೀರಪ್ಪನ್ ತಂಡದ ಹೊಂಚುದಾಳಿಯಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರೊಡನಿದ್ದ ಪೊಲೀಸರು ಪ್ರಾಣ ಕಳೆದುಕೊಂಡರು. ಶಕೀಲ್ ಅಹ್ಮದ್ ಅವರ ಹೆಸರನ್ನು ನಮ್ಮವರು ಆಗಾಗ ಎತ್ತುವುದನ್ನು ಕೇಳಿದ್ದೇವೆ. ಎತ್ತಬೇಕಾದುದೇ. ಆದರೆ ಅವರು ತಮ್ಮ ಕರ್ತವ್ಯದ ಮೇಲೆ ಹೋಗಿದ್ದರು, ತಮ್ಮ ಸಮುದಾಯದ ಪರವಾಗಿ ರಶೀದಿ ಬರೆಸಿಕೊಳ್ಳಲು ಹೋಗಿರಲಿಲ್ಲ. ಒಬ್ಬ ಮನುಷ್ಯನ ಸಾವನ್ನು ಮತ್ತೊಬ್ಬರ ದೇಶಪ್ರೇಮದ ದಾಖಲೆಯಾಗಿ ಬಳಸುವುದರಲ್ಲಿ ಆ ಸತ್ತವನಿಗೆ ಒಂದು ಅನ್ಯಾಯವಿದೆ ಎಂದು ನಮ್ಮ ಅಭಿಪ್ರಾಯ.

ಅದೇ ವರ್ಷಗಳಲ್ಲಿ ಹನೂರಿನ ಕಾಡಂಚಿನ ಹಳ್ಳಿಗಳ ಬಡವರು ಎಂಥ ಸಂಕಟ ಪಟ್ಟರೆಂಬುದನ್ನೂ ಮರೆಯಬಾರದು. ಹಿಂದೂ, ಕ್ರೈಸ್ತ, ಸೋಲಿಗ ಎಂಬ ಭೇದವಿಲ್ಲದೆ ಅವರೆಲ್ಲ ತಮ್ಮ ಮನೆಯ ಜಗಲಿಯ ಮೇಲೆಯೇ ಅಪರಿಚಿತರಾದರು. ಪೊಲೀಸರಿಗೆ ಅವರು ಕಾಡುಗಳ್ಳನಿಗೆ ಅಕ್ಕಿ ಕೊಟ್ಟವರು. ಕಾಡುಗಳ್ಳನಿಗೆ ಪೊಲೀಸರಿಗೆ ಸುಳಿವು ಕೊಟ್ಟವರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿ, ಕೊನೆಗೆ 2007ರಲ್ಲಿ 89 ಮಂದಿ ಸಂತ್ರಸ್ತರಿಗೆ ಪರಿಹಾರ ನೀಡುವಂತೆ ಹೇಳಿತು. ಅಷ್ಟು ಹೊತ್ತಿಗೆ ಅವರಲ್ಲಿ ಎಷ್ಟೋ ಮಂದಿಯ ಯೌವನ ಮುಗಿದಿತ್ತು. ಅನುಮಾನಕ್ಕೆ ಗುರಿಯಾಗುವುದು ನಮ್ಮೊಬ್ಬರ ಹಣೆಬರಹವೆಂದು ತಿಳಿದು ಕೊರಗುವವರು ಆ ಹಳ್ಳಿಗಳಿಗೆ ಒಮ್ಮೆ ಹೋಗಿ ಬರಬೇಕು.

ಈಗ ರೇಷ್ಮೆಯ ವಿಷಯಕ್ಕೆ ಬರೋಣ. ಕೊಳ್ಳೇಗಾಲವೆಂದರೆ ರೇಷ್ಮೆ. ಮೈಸೂರು ಸೀಮೆಗೆ ರೇಷ್ಮೆ ಕೃಷಿಯನ್ನು ತಂದವರು ಟಿಪ್ಪು ಸುಲ್ತಾನರು. 1780ರ ದಶಕದಲ್ಲಿ ಬಂಗಾಳದಿಂದ ಹುಳುಗಳನ್ನು ತರಿಸಿ, ಹಿಪ್ಪುನೇರಳೆ ನೆಡಿಸಿ, ಸಾಕುವ ವಿದ್ಯೆಯನ್ನು ಕಲಿಸುವ ವ್ಯವಸ್ಥೆ ಮಾಡಿದರು. ಸುಲ್ತಾನರು ಹೋದರು, ಅವರ ಕೋಟೆ ಪಾಳುಬಿತ್ತು, ಅವರ ಸೈನ್ಯ ಚದುರಿತು. ಹುಳು ಮಾತ್ರ ಉಳಿಯಿತು. ಕಂಪೆನಿಯ ಕಾಲದಲ್ಲಿಯೂ ಆಮೇಲೆಯೂ ಮದರಾಸು ಪ್ರಾಂತ್ಯದ ರೇಷ್ಮೆ ಕೃಷಿ ಹೆಚ್ಚಾಗಿ ಇದ್ದದ್ದು ಈ ಕೊಳ್ಳೇಗಾಲದ ಸುತ್ತಲೇ. ಹುಳು ನಾಲ್ಕು ಜ್ವರ ಕಳೆದು ಹಣ್ಣಾಗಿ ಚಂದ್ರಿಕೆ ಏರುವ ತನಕ ಅದು ರೈತನ ಮನೆಯ ಮಗು. ಗೂಡು ಕಟ್ಟಿದ ಮೇಲೆ ಅದು ಬಿಚ್ಚಾಣಿಕೆಯವನ ಕೈಗೆ ಬರುತ್ತದೆ. ಹಳೆಯ ಮೈಸೂರು ಸೀಮೆಯ ಊರೂರುಗಳಲ್ಲಿ ಈ ನೂಲು ಬಿಚ್ಚುವ ಕೆಲಸದಲ್ಲಿ ತೊಡಗಿದವರಲ್ಲಿ ಮುಸ್ಲಿಮರು ಬಹಳ. ಕುದಿಯುವ ನೀರಿನ ಬಾಣಲೆಯಲ್ಲಿ ಗೂಡನ್ನು ಬೇಯಿಸಿ, ಎಳೆಯ ತುದಿಯನ್ನು ಹಿಡಿದು, ಹಲವು ಎಳೆಗಳನ್ನು ಸೇರಿಸಿ ಚರಕಕ್ಕೆ ಸುತ್ತುವ ಕೆಲಸ ಅದು. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳ ಚರ್ಮ ಬಿಳಿಚಿ ಸುಕ್ಕುಗಟ್ಟುತ್ತದೆ. ಸತ್ತ ಹುಳುವಿನ ವಾಸನೆ ಬಟ್ಟೆಗೂ ಕೂದಲಿಗೂ ಅಂಟುತ್ತದೆ. ಹಬ್ಬದ ದಿನವೂ ಬಿಡುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೊಗಸು ಇದೆ. ನಮ್ಮ ಶರೀಅತ್ತಿನಲ್ಲಿ ಪುರುಷರಿಗೆ ರೇಷ್ಮೆ ಉಡುವುದು ನಿಷಿದ್ಧ. ಆ ನೂಲನ್ನು ಬಿಚ್ಚಿದ ಮನುಷ್ಯನು ಅದನ್ನು ತಾನು ಒಂದು ದಿನವೂ ಉಡುವುದಿಲ್ಲ. ದೇವಾಂಗರ ಮಗ್ಗಕ್ಕೆ ಹೋಗಿ ಸೀರೆಯಾಗಿ, ಯಾರದೋ ಮದುವೆಯ ಚಪ್ಪರದಲ್ಲಿ ಅದು ಹೊಳೆಯುತ್ತದೆ. ಬಂಗಾಳದ ಹುಳು, ಕನ್ನಡದ ಸೊಪ್ಪು, ಮುಸ್ಲಿಮನ ಚರಕ, ದೇವಾಂಗನ ಮಗ್ಗ. ಸೀರೆ ಕೊಳ್ಳುವವರು ಹುಳುವನ್ನು ನೀನು ಎಲ್ಲಿಂದ ಬಂದೆ ಎಂದು ಕೇಳಿದ್ದನ್ನು ನಾವು ಕಂಡಿಲ್ಲ.

1956ರ ನವೆಂಬರ್ 1 ಬಂತು. ರಾಜ್ಯಗಳ ಪುನರ್ವಿಂಗಡಣೆಯ ಕಾನೂನಿನಂತೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಮತ್ತೆ ಯಾರೂ ಕದಲಲಿಲ್ಲ, ಮತ್ತೆ ನಾಡು ಬದಲಾಯಿತು. ಕನ್ನಡಿಗರಿಗೆ ಅದು ಮನೆಗೆ ಮರಳಿದ ದಿನ. ಆ ಸಂತಸ ನ್ಯಾಯವಾದದ್ದು. ಆದರೆ ಚರಿತ್ರೆಯನ್ನು ಪೂರ್ತಿ ಓದಬೇಕು. ಹನೂರಿನ ಕಡೆಯ ಮಾರ್ಟಳ್ಳಿಯಲ್ಲಿ ತಮಿಳು ಮಾತನಾಡುವ ಕ್ಯಾಥೊಲಿಕ್ ಕ್ರೈಸ್ತರು ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ. ಮದರಾಸು ಪ್ರಾಂತ್ಯದಲ್ಲಿ ಅವರು ಬಹುಸಂಖ್ಯಾತ ಭಾಷೆಯವರಾಗಿದ್ದರು. ಆ ದಿನ ಮಧ್ಯರಾತ್ರಿ ಕಳೆದಾಗ ಅವರು ಅಲ್ಪಸಂಖ್ಯಾತ ಭಾಷೆಯವರಾದರು. ಇತ್ತ ತಾಳವಾಡಿಯ ಕನ್ನಡಿಗರು ಮದರಾಸಿನಲ್ಲಿಯೇ ಉಳಿದುಹೋದರು. ಅತ್ತ ಕಾಸರಗೋಡಿನ ಕನ್ನಡಿಗರು ಕೇರಳದವರಾದರು. ಒಬ್ಬರ ಮನೆ ಸೇರಿದ ಗಳಿಗೆಯೇ ಇನ್ನೊಬ್ಬರು ಹೊರಗುಳಿದ ಗಳಿಗೆ. ರೇಖೆ ಎಳೆದವರನ್ನು ದೂರುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಎಲ್ಲೋ ಒಂದು ಕಡೆ ಎಳೆಯಲೇಬೇಕಿತ್ತು. 1997ರಲ್ಲಿ ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಕೊಳ್ಳೇಗಾಲ ಒಡೆದು ಹನೂರು ತಾಲ್ಲೂಕಾಯಿತು. ಈ ಕೊನೆಯ ಎರಡು ರೇಖೆಗಳು ಯಾರ ಮನಸ್ಸನ್ನೂ ಹೆಚ್ಚು ನೋಯಿಸಲಿಲ್ಲ, ಅಷ್ಟೇ.

ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಹೋದವರು ಅಲ್ಲಿ ಇನ್ನೊಂದು ಬಗೆಯ ಪರದೇಶಿಗಳನ್ನು ಕಾಣುತ್ತಾರೆ. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಟಿಬೆಟಿನ ನಿರಾಶ್ರಿತರು ಅಲ್ಲಿ ಮೆಕ್ಕೆಜೋಳ ಬೆಳೆದು, ತಮ್ಮ ಮಠ ಕಟ್ಟಿಕೊಂಡು ಬಾಳುತ್ತಿದ್ದಾರೆ. ಹಿಮದ ನಾಡಿನವರಿಗೆ ಈ ಒಣ ಗುಡ್ಡಗಳು ಒಗ್ಗಿದ ಬಗೆಯೇ ಆಶ್ಚರ್ಯ. ಅವರ ವಿಷಯದಲ್ಲಿ ಹೊರಗಿನವರೆಂಬ ಮಾತಿಗೆ ಕಾಗದದ ಆಧಾರವಾದರೂ ಇದೆ.

ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕತೆ ಅದಕ್ಕೆ ತದ್ವಿರುದ್ಧ. ಯಳಂದೂರಿನ ಬೆನ್ನಿಗಿರುವ ಆ ಬೆಟ್ಟಗಳಲ್ಲಿ ಅವರಿಗಿಂತ ಹಳಬರನ್ನು ಯಾರೂ ತೋರಿಸಲಾರರು. ಕಾಡಿನ ಮರಮರಕ್ಕೂ ಅವರಲ್ಲಿ ಹೆಸರಿದೆ. ಆದರೂ 1974ರಲ್ಲಿ ಕಾಡನ್ನು ವನ್ಯಜೀವಿಧಾಮವೆಂದು ಸಾರಿದ ಮೇಲೆ ಅವರು ತಮ್ಮ ಕಾಡಿನಲ್ಲಿಯೇ ಅತಿಕ್ರಮಿಗಳಾದರು. ಬೇಸಾಯ, ಬೇಟೆ, ಕಾಡಿಗೆ ಬೆಂಕಿಯಿಟ್ಟು ನೆಲ ಹಸನು ಮಾಡುವ ಅವರ ಹಳೆಯ ಪದ್ಧತಿ, ಎಲ್ಲಕ್ಕೂ ತಡೆ ಬಿತ್ತು. 2011ರಲ್ಲಿ ಆ ಪ್ರದೇಶ ಹುಲಿ ಸಂರಕ್ಷಿತ ಕಾಡೂ ಆಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆಯೂ ದೊರೆಯಿತು. ತಾವು ತಲೆತಲಾಂತರದಿಂದ ಇದ್ದ ನೆಲದಲ್ಲಿ ತಾವಿದ್ದೇವೆಂದು ಕಾಗದದಲ್ಲಿ ಬರೆಸಿಕೊಳ್ಳಲು ಅವರಿಗೆ ಮೂವತ್ತೇಳು ವರ್ಷ ಬೇಕಾಯಿತು.

ಆ ಮೂವತ್ತೇಳು ವರ್ಷ ಅವರು ಯಾವುದರ ಬಲದಿಂದ ತಲೆಯೆತ್ತಿ ನಿಂತರು? ಹೋರಾಟ ಮಾಡಿದರು, ಸಂಘ ಕಟ್ಟಿದರು, ಅವರ ನಡುವೆ ನೆಲೆಸಿದ ವೈದ್ಯ ಎಚ್. ಸುದರ್ಶನ್ ಅವರಂಥವರ ನೆರವೂ ಸಿಕ್ಕಿತು. ಅದರ ಜೊತೆಗೆ ಅವರ ಹಾಡುಗಳಲ್ಲಿ ಬೆಟ್ಟದ ರಂಗನಾಥ ಅವರ ಹುಡುಗಿಯನ್ನು ಮದುವೆಯಾದ ಭಾವ. ಭಾವನ ಮನೆಯಲ್ಲಿ ನಮ್ಮನ್ನು ಹೊರಗಿನವರೆನ್ನುವವರು ಯಾರು ಎಂಬ ಧೈರ್ಯ ಅವರದು. ನಮ್ಮ ಅಕೀದಾ ಬೇರೆ. ಅಲ್ಲಾಹನಿಗೆ ಮದುವೆಯನ್ನಾಗಲಿ ನೆಂಟಸ್ತಿಕೆಯನ್ನಾಗಲಿ ನಾವು ಒಪ್ಪುವವರಲ್ಲ. ಅದನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಆದರೆ ನೆರೆಯವರ ಈ ನಡೆಯಲ್ಲಿರುವ ಒಂದು ಅಂಶವನ್ನು ನೋಡದೆ ಹೋದರೆ ನಮಗೇ ನಷ್ಟ: ಅವರು ತಮ್ಮ ನೆಲೆಯನ್ನು ಕಚೇರಿಯಲ್ಲಿ ಕೇಳುವ ಮೊದಲೇ ಬೇರೊಂದು ಕಡೆ ಪಡೆದುಕೊಂಡಿದ್ದರು. ಕಚೇರಿಯಲ್ಲಿ ಕೇಳಿದ್ದು ಹಕ್ಕು, ಭಿಕ್ಷೆ ಅಲ್ಲ.

ಈ ಸೀಮೆಯ ಜನಪದ ಕಾವ್ಯಗಳ ನಾಯಕರೂ ಹೊರಗಿನಿಂದ ಬಂದವರೇ. ಮಾದೇಶ್ವರರು ಉತ್ತರದಿಂದ ಬಂದವರೆಂದು ಕಂಸಾಳೆಯವರು ಹಾಡುತ್ತಾರೆ. ಮಂಟೇಸ್ವಾಮಿ ಕಲ್ಯಾಣದಿಂದ ಬಂದವರೆಂದು ನೀಲಗಾರರು ಹಾಡುತ್ತಾರೆ. ಹನೂರಿನ ಬಳಿಯ ಚಿಕ್ಕಲ್ಲೂರಿನಲ್ಲಿ ಪ್ರತಿವರ್ಷ ಬನದ ಹುಣ್ಣಿಮೆಗೆ ಸಿದ್ಧಪ್ಪಾಜಿಯ ಜಾತ್ರೆ ನೆರೆದಾಗ ಪಂಕ್ತಿಸೇವೆಯ ದಿನ ಜಾತಿಯ ಲೆಕ್ಕವಿಲ್ಲದೆ ಜನ ಬಯಲಿನಲ್ಲಿ ಕುಳಿತು ಉಣ್ಣುತ್ತಾರೆ. ಉಳಿದ ಮುನ್ನೂರ ಅರುವತ್ತು ದಿನ ಪಂಕ್ತಿ ಬೇರೆಯೇ ಎಂದು ಆ ಊರಿನವರೇ ನಗುತ್ತಾ ಹೇಳುವುದುಂಟು.

ನಮ್ಮ ಮೂಲಕ್ಕೆ ಮರಳೋಣ. ಇಸ್ಲಾಮಿನ ಆರಂಭವೇ ಅಪರಿಚಿತ ಸ್ಥಿತಿಯಲ್ಲಿ ಆಯಿತೆಂದೂ ಮುಂದೆಯೂ ಅದಕ್ಕೆ ಆ ಸ್ಥಿತಿ ಮರಳುವುದೆಂದೂ ತಿಳಿಸಿ, ಅಂಥ ‘ಗುರಬಾ’ಗಳಿಗೆ ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿರುವುದು ಸಹೀಹ್ ಮುಸ್ಲಿಮ್ ಗ್ರಂಥದಲ್ಲಿದೆ. ನಮ್ಮಲ್ಲಿ ಅನೇಕರು ಈ ಹದೀಸನ್ನು ಮೂಲೆ ಸೇರಿ ಕೂರಲು ಸಿಕ್ಕ ಅನುಮತಿಯೆಂಬಂತೆ ಬಳಸುತ್ತಾರೆ. ಬೇರೊಂದು ವರದಿಯಲ್ಲಿ ಆ ಗುರಬಾ ಎಂದರೆ ಜನರು ಕೆಡಿಸಿದ್ದನ್ನು ಸರಿಪಡಿಸುವವರು ಎಂಬ ವಿವರಣೆ ಬಂದಿದೆ. ಸರಿಪಡಿಸಲು ಜನರ ನಡುವೆ ಇರಲೇಬೇಕು. ಬಾಗಿಲು ಮುಚ್ಚಿಕೊಂಡವನಿಗೆ ಆ ಶುಭವಾರ್ತೆ ಹೇಗೆ ಸಲ್ಲುತ್ತದೆಂದು ನಮಗೆ ತಿಳಿಯದು.

ಸುಹೈಬ್ ರೂಮಿ(ರ) ಅವರ ಕತೆಯನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು. ಎಳವೆಯಲ್ಲಿ ಸೆರೆಯಾಗಿ, ರೋಮನ್ನರ ನಡುವೆ ಗುಲಾಮನಾಗಿ ಬೆಳೆದು, ಅರಬಿಯನ್ನು ತೊಡಕಿನಿಂದ ಆಡುತ್ತಾ ಮಕ್ಕಾಕ್ಕೆ ಬಂದವರು ಅವರು. ಅಲ್ಲಿ ವ್ಯಾಪಾರ ಮಾಡಿ ಶ್ರೀಮಂತರಾದರು. ಮದೀನಾಕ್ಕೆ ಹೊರಟಾಗ ಕುರೈಶರು ದಾರಿ ಕಟ್ಟಿದರು. ಅವರ ವಾದ ನಮಗೆ ಪರಿಚಿತವಾದದ್ದೇ: ನೀನು ಇಲ್ಲಿಗೆ ಬಂದಾಗ ಬರಿಗೈಯವನು, ಗಳಿಸಿದ್ದೆಲ್ಲ ನಮ್ಮ ಊರಿನಲ್ಲಿ, ಅದನ್ನು ಹೊತ್ತು ಹೋಗಲು ಬಿಡುವುದಿಲ್ಲ. ಸುಹೈಬ್(ರ) ತಮ್ಮ ಸಂಪತ್ತೆಲ್ಲ ಇಟ್ಟಿರುವ ಜಾಗವನ್ನು ಅವರಿಗೆ ಹೇಳಿ, ಬರಿಗೈಯಲ್ಲಿ ಮದೀನಾ ಸೇರಿದರು. ಪ್ರವಾದಿವರ್ಯರು(ಸ) ಅದನ್ನು ಲಾಭದ ವ್ಯಾಪಾರವೆಂದು ಕೊಂಡಾಡಿದರು. ಕತೆಯನ್ನು ಇಲ್ಲಿಗೇ ನಿಲ್ಲಿಸುವುದು ರೂಢಿ. ಆದರೆ ಮುಂದಿನದು ಇನ್ನೂ ಮುಖ್ಯ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಖಲೀಫಾ ಉಮರ್(ರ) ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದಾಗ, ಮುಂದಿನ ಖಲೀಫರ ಆಯ್ಕೆಯಾಗುವ ತನಕ ಪ್ರವಾದಿಯ ಮಸೀದಿಯಲ್ಲಿ ನಮಾಝಿನ ಇಮಾಮತ್ತಿಗೆ ಅವರು ಹೆಸರಿಸಿದ್ದು ಇದೇ ಸುಹೈಬರನ್ನು. ಉಮರರ(ರ) ಜನಾಝಾ ನಮಾಝನ್ನೂ ಅವರೇ ನಡೆಸಿದರು. ಕುರೈಶರ ಗಣ್ಯರು, ಅನ್ಸಾರರ ಹಿರಿಯರು ಆ ತೊದಲು ಅರಬಿಯವರ ಹಿಂದೆ ಸಾಲಾಗಿ ನಿಂತರು.

ಅಲ್ಲಾಹನಲ್ಲಿ ನೆಲೆ ಕಾಣುವುದೆಂದರೆ ಹುಟ್ಟೂರನ್ನು ಪ್ರೀತಿಸದಿರುವುದೆಂದು ಯಾರೂ ತಿಳಿಯಬಾರದು. ಮಕ್ಕಾವನ್ನು ಬಿಟ್ಟು ಹೊರಟಾಗ ಆ ಊರಿನ ಮೇಲಿನ ಮಮತೆಯನ್ನು ಪ್ರವಾದಿವರ್ಯರು(ಸ) ಬಾಯಿಬಿಟ್ಟು ಹೇಳಿಕೊಂಡರು. ಮದೀನಾ ಸೇರಿದ ಮೇಲೆ ಆ ಊರಿನ ಪ್ರೀತಿಯನ್ನೂ ತಮ್ಮ ಹೃದಯದಲ್ಲಿ ತುಂಬುವಂತೆ ಪ್ರಾರ್ಥಿಸಿದರು. ಬಿಟ್ಟ ಊರಿಗೂ ಪ್ರೀತಿ, ಬಂದ ಊರಿಗೂ ಪ್ರೀತಿ. ಕಾವೇರಿಯ ನೀರು ಕುಡಿದು ಬೆಳೆದ ನಾವು ಶಿವನಸಮುದ್ರದ ಜಲಪಾತದ ಮುಂದೆ ನಿಂತು ಸುಬ್‌ಹಾನಲ್ಲಾಹ್ ಎಂದಾಗ ಆ ಎರಡು ಪ್ರೀತಿಗಳೂ ಒಂದೇ ಉಸಿರಿನಲ್ಲಿವೆ. ಗಗನಚುಕ್ಕಿಯ ನೆತ್ತಿಯ ಮೇಲೆಯೇ ಇರುವ ದರ್ಗಾದ ಹೆಸರು ಮರ್ದಾನೆ ಗೈಬ್, ಅಂದರೆ ಕಣ್ಣಿಗೆ ಕಾಣದ ಪುರುಷರು. ಅದು ಬಣ್ಣನೆ, ಅದರಲ್ಲಿ ಊರಿನ ಹೆಸರಿಲ್ಲ, ವಂಶದ ಹೆಸರಿಲ್ಲ. ಅಲ್ಲಿ ನಡೆಯುವ ಆಚರಣೆಗಳ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದು ಈ ಲೇಖನದ ವಿಷಯವಲ್ಲ. ಹೆಸರು ಮಾತ್ರ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು.

ಇನ್ನು ನಮ್ಮ ಮಸೀದಿಗಳಲ್ಲಿ ದಿನನಿತ್ಯ ಬಳಕೆಯಲ್ಲಿದ್ದರೂ ಚರಿತ್ರೆಯ ಕಣ್ಣಿನಿಂದ ನಾವು ಅಷ್ಟಾಗಿ ನೋಡದ ಒಂದು ಮಸಅಲೆ. ಪ್ರಯಾಣಿಕನು ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸುತ್ತಾನೆ. ಇದಕ್ಕೆ ಖಸ್ರ್ ಎನ್ನುತ್ತಾರೆ. ಈ ಸೀಮೆಯ ಬಹುಪಾಲು ಮಸೀದಿಗಳು ಅನುಸರಿಸುವ ಹನಫಿ ಫಿಕ್‌ಹಿನಲ್ಲಿ ಪ್ರಯಾಣಿಕನಾಗಲು 48 ಮೈಲಿ, ಅಂದರೆ ಸುಮಾರು 77 ಕಿಲೋಮೀಟರ್ ದೂರ ಹೊರಟಿರಬೇಕು. ಅಲ್ಲಿ ಗಡಿಯ ಮಾತೇ ಇಲ್ಲ. 1850ರಲ್ಲಿ ಕೊಳ್ಳೇಗಾಲದ ಒಬ್ಬ ವ್ಯಾಪಾರಿ ಯಳಂದೂರಿಗೆ ಹೋದನೆಂದುಕೊಳ್ಳಿ. ಅವನು ಕಂಪೆನಿ ಸರಕಾರದ ನಾಡನ್ನು ಬಿಟ್ಟು ಮೈಸೂರಿನ ನೆಲಕ್ಕೆ ಕಾಲಿಟ್ಟನು. ಕಚೇರಿಯ ಲೆಕ್ಕದಲ್ಲಿ ಪರನಾಡಿನವನು. ಆದರೆ ಯಳಂದೂರಿನ ಮಸೀದಿಯಲ್ಲಿ ಝುಹರ್‌ಗೆ ನಿಂತಾಗ ಅವನು ಪೂರ್ಣ ನಾಲ್ಕು ರಕಅತ್ ನಿರ್ವಹಿಸಬೇಕು, ಅಲ್ಲಿಯವರಂತೆಯೇ. ಮೈಸೂರಿಗೆ ಹೋದರೂ ಅಷ್ಟೇ. ಅದೇ ಮನುಷ್ಯ ತನ್ನದೇ ಜಿಲ್ಲೆಯ ಕೇಂದ್ರವಾದ ಕೊಯಮತ್ತೂರಿಗೆ ವ್ಯಾಜ್ಯಕ್ಕಾಗಿ ಹೋದರೆ ಎರಡೇ ರಕಅತ್. ಸರಕಾರ ತನ್ನವನೆಂದ ಊರಿನಲ್ಲಿ ಅವನು ಪ್ರಯಾಣಿಕ, ಪರನಾಡೆಂದ ಊರಿನಲ್ಲಿ ಅಲ್ಲ.

ಅದೇ ಫಿಕ್‌ಹಿನಲ್ಲಿ ‘ವತನೆ ಅಸ್ಲಿ’ ಎಂಬ ಮಾತಿದೆ. ಮೂಲ ನೆಲೆ ಎಂದರ್ಥ. ಮನುಷ್ಯ ಹುಟ್ಟಿದ ಊರು ಅದಾಗಬಹುದು. ಇನ್ನೆಲ್ಲೋ ಹೋಗಿ ಇಲ್ಲಿಯೇ ಬದುಕುತ್ತೇನೆಂಬ ಸಂಕಲ್ಪದಿಂದ ಸಂಸಾರ ಹೂಡಿದರೆ ಆ ಊರೂ ಅವನ ಮೂಲ ನೆಲೆಯೇ. ತಾತ ಯಾರು, ಮುತ್ತಾತ ಎಲ್ಲಿಯವನು, ಯಾವ ಸೈನ್ಯದ ಜೊತೆ ಬಂದವನು ಎಂಬ ಯಾವ ಪ್ರಶ್ನೆಯನ್ನೂ ಅದು ಕೇಳುವುದಿಲ್ಲ. ಕೇಳುವುದು ನಿಯ್ಯತ್ ಒಂದನ್ನೇ. ಇನ್ನೊಂದು ‘ವತನೆ ಇಖಾಮತ್’. ಹದಿನೈದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಒಂದು ಊರಿನಲ್ಲಿ ತಂಗುವೆನೆಂದು ನಿಶ್ಚಯಿಸಿದವನು ಅಲ್ಲಿ ಪ್ರಯಾಣಿಕನಾಗಿ ಉಳಿಯುವುದಿಲ್ಲ.

ಇದಕ್ಕೆ ಪ್ರಮಾಣವಾಗಿ ಫುಕಹಾಗಳು ತೋರಿಸುವ ಘಟನೆಯೊಂದು ನೆನೆದಾಗಲೆಲ್ಲ ಮೈ ಝುಮ್ಮೆನ್ನುತ್ತದೆ. ಹಿಜ್‌ರಿ 8ರಲ್ಲಿ ಮಕ್ಕಾ ವಿಜಯವಾದಾಗ ಪ್ರವಾದಿವರ್ಯರು(ಸ) ತಾವು ಹುಟ್ಟಿ ಬೆಳೆದ ಊರಿಗೆ ಮರಳಿದರು. ಆ ಬೀದಿಗಳು ಅವರವೇ. ಕಾಬಾ ಅವರ ತಾತನ ಮನೆಯಂಗಳದಂತಿತ್ತು. ಈಗ ಅವರನ್ನು ಅಲ್ಲಿ ಹೊರಗಿನವರೆನ್ನುವ ನಾಲಿಗೆ ಒಂದೂ ಇರಲಿಲ್ಲ. ಆದರೂ ಅಲ್ಲಿ ತಂಗಿದ್ದ ಅಷ್ಟೂ ದಿನ ಅವರು ಪ್ರಯಾಣಿಕರಂತೆ ಎರಡೇ ರಕಅತ್ ನಮಾಝ್ ನಡೆಸಿದರು. ಮಕ್ಕಾದವರು ತಮ್ಮ ನಾಲ್ಕನ್ನು ಪೂರ್ಣಗೊಳಿಸಿಕೊಳ್ಳಬೇಕೆಂದು ತಿಳಿಸಿದರು. ಏಕೆಂದರೆ ಅವರು ಮದೀನಾದವರಾಗಿದ್ದರು. ಆಶ್ರಯ ಕೊಟ್ಟ ಊರನ್ನು ಅವರು ಅಷ್ಟು ಪೂರ್ಣವಾಗಿ ತಮ್ಮದಾಗಿಸಿಕೊಂಡಿದ್ದರು.

ಈ ಮಾತುಗಳನ್ನು ನಮ್ಮ ಮಕ್ಕಳಿಗೆ ಹೇಳುವಾಗ ನಾವು ಬೇರೆ ಕಡೆಗೂ ತಿರುಗಿ ನೋಡಬೇಕಾಗುತ್ತದೆ. ‘ಹೊರಗಿನವರು’ ಎಂಬ ಪದ ಇತರರ ಬಾಯಲ್ಲಿ ಮಾತ್ರ ಇದೆಯೇ? ಮಸೀದಿಯ ಆಡಳಿತ ಸಮಿತಿಯ ಚುನಾವಣೆ ಬಂದಾಗ ‘ಅವರು ನಮ್ಮೂರಿನವರಲ್ಲ, ನಿನ್ನೆ ಮೊನ್ನೆ ಬಂದವರು’ ಎಂದು ಹೇಳುವವರು ಯಾರು? ಹೆಣ್ಣು ಕೊಡುವಾಗ, ತರುವಾಗ, ಯಾರು ಸಯ್ಯಿದರು, ಯಾರು ಪಿಂಜಾರರು ಎಂದು ಲೆಕ್ಕ ಹಾಕುವವರು ಯಾರು? ಇಂದು ಕರ್ನಾಟಕದ ಎಲ್ಲ ಊರುಗಳಂತೆ ನಮ್ಮ ಸೀಮೆಗೂ ಬಿಹಾರದಿಂದ, ಬಂಗಾಳದಿಂದ, ಅಸ್ಸಾಮಿನಿಂದ ಹುಡುಗರು ದುಡಿಯಲು ಬರುತ್ತಾರೆ. ಗಾರೆ ಕೆಲಸ, ಹೋಟೆಲಿನ ಕೆಲಸ, ಕ್ವಾರಿಯ ಕೆಲಸ. ನಮ್ಮ ದಖನಿ ಅವರಿಗೆ ತಿಳಿಯದು, ಅವರ ಮಾತು ನಮಗೆ ಪೂರ್ತಿ ತಿಳಿಯದು. ಜುಮಾದ ದಿನ ಸುಣ್ಣದ ಕಲೆಯ ಬಟ್ಟೆಯಲ್ಲಿ ಬಂದು, ಯಾರಾದರೂ ಏನಾದರೂ ಅಂದಾರೆಂದು ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ನಿಲ್ಲುತ್ತಾರೆ. ಸಲಾಮ್ ಹೇಳಿದ ಮೇಲೆ ಅವರ ಊರು, ಅವರ ತಾಯಿಯ ಕ್ಷೇಮ ವಿಚಾರಿಸುವವರು ಎಷ್ಟು ಮಂದಿ? ಪೊಲೀಸರು ಗುರುತಿನ ಚೀಟಿ ಕೇಳಿ ಅವರನ್ನು ಕರೆದೊಯ್ದರೆ ಠಾಣೆಯ ತನಕ ಜೊತೆಗೆ ಹೋಗುವವರು ಎಷ್ಟು ಮಂದಿ?

ಫಿಕ್‌ಹಿನ ಪುಸ್ತಕ ಅವರ ವಿಷಯವನ್ನೂ ಬಿಟ್ಟಿಲ್ಲ. ಹದಿನೈದು ದಿನ ಇರುವೆನೆಂದು ಬಂದ ಬಿಹಾರದ ಹುಡುಗ ಕೊಳ್ಳೇಗಾಲದಲ್ಲಿ ಮುಖೀಮ್, ಅಂದರೆ ಊರಿನವನು. ಇಶಾದ ಫರ್ಝ್ ಅವನಿಗೂ ನಾಲ್ಕು ರಕಅತ್. ಇನ್ನು ಮಾದೇಶ್ವರ ಬೆಟ್ಟದ ದಾರಿಯಲ್ಲಿ ಲಾರಿ ಓಡಿಸುತ್ತಾ ಸೇಲಂ ಕಡೆಯಿಂದ ಬಂದು, ಹನೂರಿನಲ್ಲಿ ಅಝಾನ್ ಕೇಳಿ ಇಳಿದ ಚಾಲಕನಿದ್ದಾನೆ. ಅವನು ನಿಜವಾದ ಮುಸಾಫಿರ್, ಒಬ್ಬನೇ ನಿಂತರೆ ಎರಡು ರಕಅತ್ ಸಾಕು. ಆದರೆ ಊರಿನ ಇಮಾಮರ ಹಿಂದೆ ನಿಂತನೆಂದರೆ ಅವನೂ ನಾಲ್ಕನ್ನೂ ಪೂರೈಸಬೇಕು. ಅವನೇ ಇಮಾಮನಾಗಿ ಮುಂದೆ ನಿಂತರೆ ಎರಡು ರಕಅತ್ ಮುಗಿಸಿ ಸಲಾಮ್ ಹೇಳುತ್ತಾನೆ. ಅವನ ಹಿಂದಿದ್ದ ಊರಿನವರೆಲ್ಲ ಎದ್ದು ನಿಂತು, ಉಳಿದ ಎರಡನ್ನು ತಾವು ತಾವೇ ಮುಗಿಸಿಕೊಳ್ಳುತ್ತಾರೆ.